ಮಲಕಪ್ಪ ಮಾಮಾನ ಊಟ ಆತೇನು?

ದೇವರ ಹಿಪ್ಪರಗಿ
ಮಂಗಳವಾರ, ತಾ. ೧೪-೧೦-೨೦೨೫

ಪ್ರೀತಿಯ ದಾನೇಶ್ವರಿಗೆ,

ನಿಮ್ಮ ಅವ್ವನ ಅಣ್ಣ ಪರಮಾನಂದ ಮಾಮಾ ನಿನ್ನ ತಲಿ ಮ್ಯಾಲ ಕೈ ಇಟ್ಟು ಬರಿಯೂ ಪತ್ರ. ಕೈ ಆಶೀರ್ವಾದ ಮಾಡಾಕ ಇಟ್ಟೇನೋ, ಮೊಟಕಾಕ ಇಟ್ಟೇನೋ ಅನ್ನೂದನ್ನ ಪೂರಾ ಓದಿದ ಮ್ಯಾಲ ನೀನ ತಿಳ್ಕೋ.

ಆರಾಮ ಅದಿಯಲ್ಲ? ಮುದ್ದೇಬಿಹಾಳದಾಗ ಚಿಗವ್ವನ ಮನ್ಯಾಗ ಹೊತ್ತಿಗಿ ಸರಿಯಾಗಿ ಉಣ್ಣಾಕತ್ತೀಯೋ ಇಲ್ಲೋ, ನಿದ್ದಿ ಹತ್ತತೈತೋ ಇಲ್ಲೋ? ಚಿಗವ್ವನ ಕೈಯಾನ ಪುಂಡಿಪಲ್ಯಕ್ಕ ಖಾರ ಜಾಸ್ತಿ, ಮ್ಯಾಲ ಒಂದು ಚಮಚಾ ಎಣ್ಣಿ ಹಾಕ್ಕೊಂಡು ಉಣ್ಣು. ಇಲ್ಲೆ ನಿಮ್ಮ ಅತ್ತಿ ಯಲ್ಲವ್ವ ಆರಾಮ ಅದಾಳ, ಅಕಿ ಬಾಯಿ ಅಕಿಗಿಂತ ಆರಾಮ ಐತಿ. ನಾ ಅಂತೂ ಗುಂಡಕಲ್ಲ ಇದ್ದಂಗ ಅದೇನಿ. ಹಿಂದಿನ ತಿಂಗಳ ಸಂತ್ಯಾಗ ಒಂದು ಖಿಲಾರಿ ಹೋರಿ ಬಲಗಾಲ ಹೆಬ್ಬೆರಳ ತುಳದಿತ್ತು. ಅದೊಂದು ಸಣ್ಣ ಗಾಯ, ಅರಿಶಿಣ ಹಚ್ಚಿ ಅರಿವಿ ಸುತ್ತೇನಿ, ಅದರ ಸುದ್ದಿ ಬಿಡು. ಸಾಲೋಟಗಿಂದ ನಿಮ್ಮ ಅವ್ವ ರೇಣವ್ವ ದಿನಾ ಫೋನ್ ಮಾಡಿ ಅಳತಾಳ. ನಿಮ್ಮಪ್ಪ ಅಳೂದೂ ಇಲ್ಲ, ಮಾತಾಡೂದೂ ಇಲ್ಲ, ತೊಗರಿಗಿ ಹುಳದ ಎಣ್ಣಿ ಹೊಡ್ಯಾಕತ್ತಾನ. ಹೊಡದ ಹೊಲಕ್ಕ ಇನ್ನೊಮ್ಮೆ ಹೊಡ್ಯಾಕತ್ತಾನ ಅಂತ ನಿಮ್ಮ ಅವ್ವ ಹೇಳಿದ್ಲು. ಅಂವನ ಅಳು ಹಾಂಗ.

ಈ ಕಾಲದಾಗ ಕೂತು ಪತ್ರ ಬರಿಯೂ ಜರೂರತ್ತು ನನಗಿರಲಿಲ್ಲ. ಆದ್ರ ನೀ ಫೋನ್ ಎತ್ತೂದಿಲ್ಲ, ವಾಟ್ಸಪ್ಪಿನ್ಯಾಗ ನನ್ನ ಬ್ಲಾಕ್ ಮಾಡೀದಿ. ನಾ ಕಳಿಸಿದ್ದರ ಏನು? ಹೆದರಿ ಓಡೂ ಕೋಳಿದೊಂದು ವಿಡಿಯೋ. ಅದರ ಕೆಳಗ 'ನರ್ಸಬಾಯಿ ಹೊಂಟಾಳ, ದಾರಿ ಬಿಡ್ರಿ' ಅಂತ ಬರದಿದ್ದೆ. ಅಷ್ಟಕ್ಕ ಸಿಟ್ಟೇನು? ಏಳನೇ ಇಯತ್ತೆ ಕಲತವನ ಅಕ್ಷರ ಹೆಂಗ ಅದಾವ ನೋಡು, ನಿಮ್ಮ ಡಾಕ್ಟರ್ ಮಂದಿ ಚೀಟಿಗಿಂತ ಸ್ವಚ್ಛ ಅದಾವ. ನಮ್ಮ ಹೆಡಮಾಸ್ತರ ಚಾಳೀಸ ಮರತು ಬಂದ ದಿನ ಪೇಪರ್ ಓದಾಕ ನನ್ನನ್ನ ಕರೀತಿದ್ರು, ಉಳದವರನ್ನಲ್ಲ. ಈ ಪತ್ರ ಪೋಸ್ಟಿಗಿ ಹಾಕಿದ್ರ ನಿನ್ನ ಪರೀಕ್ಷಾ ಮುಗದ ಮ್ಯಾಲ ಮುಟ್ಟತೈತಿ. ಅದಕ್ಕ ಮುದ್ದೇಬಿಹಾಳ ಬಸ್ಸಿನ ಕಂಡಕ್ಟರ್ ಖಲೀಲನ ಕೈಯಾಗ ಕೊಡಾಕತ್ತೇನಿ. ನಿನ್ನ ಕೈಗೇ ಕೊಡಬೇಕು, ಚಿಗವ್ವನ ಕೈಯಾಗ ಕೊಟ್ರ ಓಣಿ ಮಂದಿ ಎಲ್ಲಾ ಓದತಾರ ಅಂತ ಹೇಳೇನಿ.

ಈಗ ಹಕೀಕತ್ತಿಗಿ ಬರ್ತೇನಿ. ದೀಪಾವಳಿ ಮುಗದ ಮ್ಯಾಲಿನ ಸೋಮವಾರ ನಿಮ್ಮ ಸಿಂದಗಿ ನರ್ಸಿಂಗ್ ಸಾಲ್ಯಾಗ ನಪಾಸಾದವರಿಗಿ ಪ್ರಾಕ್ಟಿಕಲ್ ಇನ್ನೊಮ್ಮೆ ಇಡ್ತಾರಂತ. ಅವತ್ತ ನೀ ಬರಲಿಲ್ಲಂದ್ರ ವರ್ಷ ಹೋತು. ನೀ ಏನ್ ಮಾಡೀದಿ? ಚಿಗವ್ವನ ಮುಂದ ಕೂತು, 'ಇನ್ನ ಆ ಸಾಲಿ ಹೊಸ್ತಿಲಾ ತುಳ್ಯೂದಿಲ್ಲ, ಇಲ್ಲೇ ಸೀರಿಗಿ ಫಾಲ್ ಹಚ್ಚಿಕೋತ ಇರ್ತೇನಿ' ಅಂದಿಯಂತ. ಶಾಣ್ಯಾಕಿ. ಸೂಜಿ ಹಿಡ್ಯಾಕ ಹೆದರಿ ಓಡಿ ಹೋದಾಕಿ ಫಾಲ್ ಹಚ್ಚಾಕ ಏನ್ ಹಿಡೀತಿ, ಸಲಿಕಿಯೇನು?

ನಾ ಸುಮ್ಮ ಮಾತಾಡೂ ಮನಿಶಾ ಅಲ್ಲ, ಕಣ್ಣೀಲೆ ನೋಡಿ ಮಾತಾಡತೇನಿ. ಕಳೆದ ಶನಿವಾರ ನಿನ್ನ ಟ್ರಂಕು ಹಾಸಿಗಿ ತರಾಕ ಸಿಂದಗಿಗಿ ಹೋಗಿದ್ದೆ. ನೀ ಓಡಿ ಹೋಗಿ ಎರಡ ದಿನಾ ಆಗಿತ್ತು, ನಿಮ್ಮ ಸಾಲ್ಯಾಗ ಇನ್ನೊಂದು ತಂಡದ ಪ್ರಾಕ್ಟಿಕಲ್ ನಡದಿತ್ತು. ಗೇಟಿನ್ಯಾಗ ಕಾಲಿಟ್ಟು ನೋಡಿದ್ರ ಬೇವಿನ ಗಿಡದ ಕೆಳಗ ಬಿಳಿ ಕೋಟು ಹಾಕ್ಕೊಂಡ ಹುಡುಗ್ಯಾರ ಹಿಂಡು. ಒಬ್ಬಾಕಿ ಅಳಾಕತ್ತಾಳ, ಒಬ್ಬಾಕಿ ಗೋಡಿ ಹಿಡಕೊಂಡು ವಾಂತಿ ಮಾಡಾಕತ್ತಾಳ, ಉಳದವರು ಬಾಯಾಗ ಪಿಟಿಪಿಟಿ ಅನ್ನಾಕತ್ತಾರ. ಯಾರೋ ತೀರಿಕೊಂಡಾರ ಅಂತ ತಿಳದು ತಲಿ ಮ್ಯಾಲಿನ ಟೊಪ್ಪಿಗಿ ತಗದೆ. ಆಮ್ಯಾಲ ವಾಚಮನ್ ಹೇಳಿದ, 'ಯಾರೂ ಸತ್ತಿಲ್ರಿ ಯಜಮಾನ್ರ, ಪರೀಕ್ಷಾ ಐತ್ರಿ.'

ಅಲ್ಲೇ ಕಟ್ಟಿ ಮ್ಯಾಲ ಕೂತು ಚಂದಾಗಿ ನೋಡಿದೆ. ಇಷ್ಟ ಮಜಾ ನನಗ ಬಯಲಾಟದಾಗೂ ಬಂದಿಲ್ಲ. ಒಬ್ಬಾಕಿ ನೀರಿಲ್ಲ, ಸಾಬಣಿಲ್ಲ, ಗಾಳ್ಯಾಗ ಕೈ ತೊಳ್ಯಾಕತ್ತಾಳ. ಅಂಗೈ ತಿಕ್ಕತಾಳ, ಅಂಗೈ ಹಿಂದ ತಿಕ್ಕತಾಳ, ಬೆರಳ ಸಂದಿ ತಿಕ್ಕತಾಳ, ಮತ್ತ ಮೊದಲಿಂದ ಶುರು ಮಾಡತಾಳ. 'ಏನವ್ವಾ, ಕೈಗಿ ಏನ್ ಮೆತ್ತೇತಿ' ಅಂತ ಕೇಳಿದೆ. 'ಏನಿಲ್ರೀ ಕಾಕಾ, ಸ್ಟೆಪ್ಪ ಮರತ ಹೊಕ್ಕಾವ್ರಿ' ಅಂದ್ಲು. ಕೈ ತೊಳ್ಯೂದನ್ನ ಮರಿಯೂ ಮಂದೀನ ನಾ ಇದ ಮೊದಲ ನೋಡಿದ್ದು. ಇನ್ನೊಬ್ಬಾಕಿ ವರಾಂಡದ ಕಂಬದ ಮುಂದ ನಿಂತು, 'ನಮಸ್ಕಾರ, ನಾನು ನಿಮ್ಮ ದಾದಿ, ನಿಮ್ಮ ರಕ್ತದೊತ್ತಡ ನೋಡಲು ಬಂದಿದ್ದೇನೆ, ತಮ್ಮ ಒಪ್ಪಿಗೆ ಇದೆಯೇ' ಅಂತ ಕಂಬಾನ ಕೇಳಾಕತ್ತಿದ್ಲು. ನಮ್ಮ ಕಡಿ ಮನಿಶಾಗ ಹಿಂಗ ಕೇಳಿದ್ರ, ಹೊಲಾ ಬರಸ್ಕೊಳ್ಳಾಕ ಬಂದಾರ ಅಂತ ಎದ್ದು ಓಡತಾನ. ಮೂರನೇದಾಕಿ ಕಿಸೇದಾಗ ನಿಂಬಿಹಣ್ಣು, ತೋಳಿಗಿ ದರ್ಗಾದ ತಾಯತ, ಹಣಿ ಮ್ಯಾಲ ವಿಭೂತಿ. ಎಲ್ಲಾ ದೇವರಿಗೂ ಒಂದೊಂದ ಅರ್ಜಿ ಕೊಟ್ಟು ನಿಂತಿದ್ಲು. ಪುಸ್ತಕ ಒಂದು ಮಾತ್ರ ಕೈಯಾಗ ಇರಲಿಲ್ಲ.

ನೀವ ಏನು ನಾಳೆ ಮಂದಿ ಜೀವಾ ಉಳಸವ್ರು? ಗಂಟಿ ಬಾರಿಸಿದ್ರ ನಿಮ್ಮ ಜೀವಾನ ಹೋಗತೈತಿ. ನನ್ನ ನೋಡು. ಮೂವತ್ತ ವರ್ಷ ದನದ ಸಂತ್ಯಾಗ ದಲ್ಲಾಳಿ ಮಾಡೇನಿ. ಗೂಟ ಕಿತಗೊಂಡು ಬಂದ ಹೋರಿ ಮೂಗುದಾಣಕ್ಕ ಕೈ ಹಾಕಿ ನಿಂದರ್ಸೇನಿ. ದನದ ಡಾಕ್ಟರು ಇಷ್ಟುದ್ದ ಸೂಜಿ ತಗದಾಗ, ಮಾಲಕ ಗಿಡದ ಹಿಂದ ನಿಂತಾಗ, ಹೋರಿ ಕೊಳ್ಳ ಹಿಡದಾಂವ ಯಾರು? ಗೊಳಸಂಗಿಂದ ಇಂಡಿತನಕ ಯಾವ ಸಂತ್ಯಾಗ ಬೇಕಾದ್ರೂ ಕೇಳು, ಪರಮಾನಂದನ ಹೆಸರ ಹೇಳತಾರ. ಅಂಥಾವನ ತಂಗಿ ಮಗಳು ನೀ, ಒಂದು ರಬ್ಬರ್ ಗೊಂಬಿಗಿ ಹೆದರಿ ಓಡಿದ್ಯಲ್ಲ.

ಖರೆ ಏನಾತು ಅನ್ನೂದನ್ನ ನಿನ್ನ ರೂಮಿನ ನಜಮಾ ಹೇಳಿದ್ಲು. ಟ್ರಂಕು ಎತ್ತಿ ಕೊಡಾಕ ಅಕಿನ ಬಂದಿದ್ಲು. ಒಳ್ಳೆ ಹುಡುಗಿ, ಪಾಸಾಗಿನೂ ಮುಖಾ ಸಣ್ಣದು ಮಾಡಕೊಂಡಿದ್ಲು. 'ಮಾಮಾರ, ಅಕಿ ಮೊದಲಿನ ಟೇಬಲ್ ಎಲ್ಲಾ ನಮಗಿಂತ ಚಲೋ ಮಾಡಿದ್ಲ್ರಿ. ಇನ್ಸುಲಿನ್ ಟೇಬಲ್ಲಿನ್ಯಾಗ ಸಿಕ್ಕಿಬಿದ್ಲ್ರಿ' ಅಂದ್ಲು. ಹಾಲಿನ್ಯಾಗ ಟೇಬಲ್ ಸಾಲಾಗಿ ಇಟ್ಟಿರತಾರ, ಗಂಟಿ ಆದಕೂಡಲೆ ಒಂದು ಟೇಬಲ್ ಬಿಟ್ಟು ಇನ್ನೊಂದಕ್ಕ ಓಡಬೇಕು, ಹಿಂದಿನಾಕಿ ಬಂದು ಬೆನ್ನಿಗಿ ನಿಂದರತಾಳ, ಇದೆಲ್ಲಾ ಅಕಿನ ತಿಳಿಸಿದ್ಲು. ಆ ಟೇಬಲ್ ಮ್ಯಾಲ ಮಲಗಿದ ಗೊಂಬಿಗಿ ನೀವ ಮಲಕಪ್ಪ ಅಂತ ಹೆಸರಿಟ್ಟೀರಂತ. ಸಕ್ಕರಿ ಬ್ಯಾನಿ ಸೂಜಿ ಮಾಡೂ ಮೊದಲ ರೋಗಿ ಊಟದ ಸುದ್ದಿ ಕೇಳಬೇಕಂತ, ಹೊಟ್ಟಿ ಖಾಲಿ ಇದ್ದಾಂವಗ ಸೂಜಿ ಮಾಡಿ ಊಟ ಕೊಡದಿದ್ರ ಎಚ್ಚರ ತಪ್ಪತಾನಂತ. ಗೊಂಬಿ ಪರವಾಗಿ ಮೇಡಮ್ಮ ಉತ್ತರಾ ಹೇಳಬೇಕು. ಆ ಮೇಡಮ್ಮ ಹೊರಗಿನ ಊರಿಂದ ಬಂದಾಕಿ, ತಲಿ ಬಗ್ಗಿಸಿ ನಿನಗಿಂತ ಮೊದಲ ಹೋದಾಕಿ ಮಾರ್ಕ್ ಬರಿಯಾಕತ್ತಿದ್ಲು, ಬಾಯಿ ಬಿಡಲಿಲ್ಲ. ಉಳದ ಹುಡುಗ್ಯಾರು, 'ಊಟ ಆತೇನ್ರಿ, ಈಗ ಮಾಡತೇನ್ರಿ' ಅಂತ ತಾವ ಕೇಳಿ, ತಾವ ಹೇಳಿ, ಚುಚ್ಚಿ ಮುಂದ ಹೋಗಿದ್ರು.

ನೀ ಏನ್ ಮಾಡಿದಿ? 'ಮಲಕಪ್ಪ ಮಾಮಾ, ಊಟ ಆತೇನ್ರಿ?' ಅಂತ ಕೇಳಿ ನಿಂತಿ. ಉತ್ತರಾ ಬರಲಿಲ್ಲ, ನಿಂತಿ. ಕಿವಿ ಕೇಳಸವಲ್ದೇನೋ ಅನ್ನಾವರಂಗ ಬಗ್ಗಿ, ದನಿ ಏರಿಸಿ, 'ಮಾಮಾ, ಊಟ ಆತೇನ್ರಿ?' ಅಂತ ಇನ್ನೊಮ್ಮೆ ಕೇಳಿದಿ. ಹಿಂದ ಹುಡುಗ್ಯಾರು ಕಿಸಕ್ಕನ ನಕ್ರು. ಮೇಡಮ್ಮ ತಲಿ ಎತ್ತಿ, 'ಇದೇನು ಬೀಗರ ಮನಿಯೇನು?' ಅಂದ್ಲು. ಅಲ್ಲಿಗಿ ನಿನ್ನ ಕೈ ನಡಗಾಕ ಹತ್ತಿ ಸಿರಿಂಜು ಕೆಳಗ ಬಿತ್ತು, ಗಂಟಿ ಆತು. ನೀ ಮುಂದಿನ ಟೇಬಲ್ಲಿಗಿ ಹೋಗೂದು ಬಿಟ್ಟು ಬಾಗಲಾ ದಾಟಿ, ಗೇಟ ದಾಟಿ, ಬಸ್‌ಸ್ಟ್ಯಾಂಡಿಗಿ ಹೋದಿ. ಸಾಲೋಟಗಿ ಬಸ್ಸು ಹತ್ತಿದ್ರ ಅವ್ವ ಬೈತಾಳ, ಹಿಪ್ಪರಗಿಗಿ ಬಂದ್ರ ಮಾಮಾ ಚಾಷ್ಟಿ ಮಾಡತಾನ ಅಂತ ಮುದ್ದೇಬಿಹಾಳ ಬಸ್ಸು ಹಿಡದಿ. ಓಡಿ ಹೋಗೂದ್ರಾಗ ಮಾತ್ರ ಲೆಕ್ಕಾಚಾರ ಚಲೋ ಐತಿ.

ಇದನ್ನ ಕೇಳಿ ನನಗ ಎರಡು ಸಿಟ್ಟು ಬಂದ್ವು. ಒಂದು, ಗೊಂಬಿಗಿ ಮಾಮಾ ಅಂದದ್ದು. ನಾ ಇಲ್ಲೆ ಜೀವಂತ ಒಬ್ಬ ಮಾಮಾ ಇರಬೇಕಾದ್ರ, ಆ ರಬ್ಬರ್ ಮಗನಿಗಿ ಮಾಮಾ ಅಂದ್ಯಲ್ಲ. ನನಗ ಯಾವಾಗರೆ 'ಊಟ ಆತೇನ್ರಿ' ಅಂತ 'ರಿ' ಹಚ್ಚಿ ಕೇಳೀದ್ಯೇನು? ಎರಡನೇದು, ಆ ನಿಂದರೂ ಚಟಾ ನಿನಗ ಹತ್ತಿಸಿದಾಂವ ನಮ್ಮಪ್ಪ. ನಿನಗ ನೆನಪೈತೋ ಇಲ್ಲೋ, ಸಣ್ಣಾಕಿ ಇದ್ದಾಗ ಸಾಲಿ ಸೂಟಿಗಿ ಇಲ್ಲಿಗಿ ಬಂದ್ರ ಅಜ್ಜನ ತಾಟು ಹಿಡಕೊಂಡು ಹೋಗೂ ಕೆಲಸ ನಿನ್ನದ. 'ಅಜ್ಜಾ, ಊಟ ತರಲೇನು?' ಅಂತ ಕೇಳತಿದ್ದಿ. ಆ ಮುದುಕ ಒಂದು ಎಲಿ ಅಡಿಕಿ ಹಾಕ್ಕೊಂಡು ಮುಗಸೂತನಕ ಹೂಂ ಅಂತಿರಲಿಲ್ಲ, ಉಹೂಂ ಅಂತಿರಲಿಲ್ಲ. ನೀ ತಾಟ ಹಿಡಕೊಂಡು ಬಾಗಲದಾಗ ಗೂಟದಂಗ ನಿಂದರತಿದ್ದಿ. ಹಿರೇರನ್ನ ಕೇಳಿದ ಮ್ಯಾಲ ಉತ್ತರಾ ಬರೂತನಕ ಅಲುಗಬಾರದು ಅಂತ ನಿಮ್ಮಜ್ಜಿ ಹೇಳಿದ್ಲು, ನೀ ಅಲುಗಲಿಲ್ಲ. ಇವತ್ತಿಗೂ ಅಲುಗಿಲ್ಲ. ಇಡೀ ರಾಜ್ಯದಾಗ ಗೊಂಬಿ ಉತ್ತರಾ ಕೊಡಲಿ ಅಂತ ಕಾದು ನಪಾಸಾದಾಕಿ ನೀ ಒಬ್ಬಾಕಿನ ಇರಬೇಕು. ಈ ಹೆಸರು ತರಾಕ ನಿನ್ನ ಹಾಸ್ಟೆಲಿನ್ಯಾಗ ಇಟ್ಟಿದ್ವೇನು?

ನಾ ಹಾಂಗ ಬಿಟ್ಟು ಬರಲಿಲ್ಲ ಅಂತ ತಿಳಿದಿರಲಿ. ಮೇಡಮ್ಮ ಚಾ ಕುಡಿಯಾಕ ಹೊರಗ ಬಂದಾಗ ಎದುರು ಹೋಗಿ ಕೈ ಮುಗದು ಕೇಳಿದೆ, 'ಮೇಡಮ್ಮರ, ಮಲಕಪ್ಪನ ಊಟ ಆತೇನ್ರಿ?' ಅಕಿಗಿ ತಿಳೀಲಿಲ್ಲ. 'ಯಾರು ನೀವು?' ಅಂದ್ಲು. 'ನಾ ಗೊಂಬಿ ಕಡಿಯಾಂವ್ರಿ. ಗುರುವಾರದಿಂದ ಪೇಷಂಟ್ ಉಪವಾಸ ಐತಿ, ಚುಚ್ಚವರು ಚುಚ್ಚಾಕತ್ತಾರ, ಉಣಸವರು ಯಾರೂ ಇಲ್ಲ' ಅಂದೆ. ನಜಮಾ ಕಂಬದ ಹಿಂದ ಹೋಗಿ ಬಾಯಿಗಿ ಓಢಣಿ ಒತ್ತಿಕೊಂಡು ನಕ್ಕಳು. ಮೇಡಮ್ಮ ನಗಲಿಲ್ಲ. ಚಾದ ಕಪ್ಪು ಕಟ್ಟಿ ಮ್ಯಾಲ ಇಟ್ಟು, 'ಆ ಹುಡುಗಿ ನಿಮಗೇನಾಗಬೇಕು?' ಅಂತ ಕೇಳಿದ್ಲು. ತಂಗಿ ಮಗಳು ಅಂದೆ. 'ಅಕಿ ಕೇಳಿದ್ದು ತಪ್ಪಲ್ಲ, ಉತ್ತರಾ ನಾನು ಕೊಡಬೇಕಿತ್ತು. ಆದ್ರ ಸಿರಿಂಜು ಬಿಟ್ಟು ಹೋದಾಕಿಗಿ ನಾ ಹೆಂಗ ಮಾರ್ಕ್ ಕೊಡಲಿ? ಬಂದು ಇನ್ನೊಮ್ಮೆ ಕೇಳು ಅನ್ರಿ' ಅಂದು ಒಳಗ ಹೋದ್ಲು. ನನಗ ಅಕಿ ಮ್ಯಾಲ ಇನ್ನಷ್ಟು ಸಿಟ್ಟು ಬಂತು. ಜಗಳಾ ಆಡಾಕ ತಯಾರಾಗಿ ಹೋದಾವನ ಮುಂದ ತಪ್ಪು ಒಪ್ಪಿಕೊಂಡ್ರ ಅಂವ ಏನ್ ಮಾಡಬೇಕು?

ಈಗ ಕೈ ನಡಗೂ ಮಾತಿಗಿ ಬರ್ತೇನಿ. ನೀ ಚಿಗವ್ವನ ಮುಂದ ಹೇಳತಿಯಂತ, 'ನನ್ನ ಕೈ ನಡಗತೈತಿ, ನಾ ಈ ಕೆಲಸಕ್ಕ ಆಗೂದಿಲ್ಲ' ಅಂತ. ಕೈ ವಿಷಯ ನನಗ ಕಲಸಬ್ಯಾಡ. ಸಂತ್ಯಾಗ ದರ ಬಾಯೀಲೆ ಹೇಳೂದಿಲ್ಲ, ಟಾವೆಲ್ ಕೆಳಗ ಬೆರಳ ಹಿಡದು ಹೇಳತೇವಿ ಅನ್ನೂದು ನಿನಗ ಗೊತ್ತೈತಿ. ಸಾವಿರಾರು ಕೈ ಹಿಡದೇನಿ. ಕದ್ದ ದನ ಮಾರೂ ಕೈ ತಣ್ಣಗಿರತೈತಿ, ಒಂದ ಸವನ ಇರತೈತಿ, ನಡಗೂದಿಲ್ಲ. ಕಟಕರ ಕೈ ನಡಗೂದಿಲ್ಲ. ನನ್ನದಂತೂ ನಡಗೂದೇ ಇಲ್ಲ. ನಡಗೂದು ಯಾರದು ಅಂದ್ರ, ಕರಾ ಇದ್ದಾಗಿಂದ ಜ್ವಾಪಾನ ಮಾಡಿ ಬೆಳಸಿದಾವಂದು. ಅಂಥ ಕೈ ಸಿಕ್ಕ ದಿನ ನನಗ ಹಬ್ಬ, ಯಾಕಂದ್ರ ಅಂವಗ ದರದಾಗ ಲಕ್ಷ್ಯ ಇರೂದಿಲ್ಲ, ದನದಾಗ ಇರತೈತಿ. ಇಂಥ ಮಂದಿ ವ್ಯಾಪಾರಕ್ಕ ಆಗೂದಿಲ್ಲ, ನಿಜ. ಆದ್ರ ನೀ ವ್ಯಾಪಾರಾ ಮಾಡಾಕ ಹೊಂಟೀಯೇನು? ದನ ಮೇಯಿಸಾಕ ಇಡೂದಾದ್ರ ನಾ ಆ ನಡಗೂ ಕೈಯಾಂವನ್ನ ಇಡತೇನಿ. ಇದನ್ನ ಹೊಗಳಿಕೆ ಅಂತ ತಿಳೀಬ್ಯಾಡ. ನಿನ್ನ ಹೊಗಳೂವಷ್ಟು ನಾ ಇನ್ನೂ ಕೆಟ್ಟಿಲ್ಲ.

ಇನ್ನೊಂದು. ನೀ ಬಿಳಿ ಕೋಟು ಹಾಕ್ಕೊಂಡ ಬಸ್ಸು ಇಳದು ಚಿಗವ್ವನ ಓಣ್ಯಾಗ ಹೋದಾಗ, ಬಾಜೂ ಮನ್ಯಾಕಿ ಡಾಕ್ಟರ್‌ಬಾಯಿ ಬಂದಾಳಂತ ಜ್ವರಾ ಬಂದ ಕೂಸು ಎತಗೊಂಡು ಬಂದ್ಲಂತ. ನೀ ಕಣ್ಣೀರ ಒರಸಿಕೊಂಡು, ಕೂಸಿನ ಮೈ ಮುಟ್ಟಿ, ಎದಿ ಏರಿಳಿಯೂದು ನೋಡಿ, 'ಹಾಲು ಕುಡದೈತೇನು?' ಅಂತ ತಾಯಿನ ಕೇಳಿದಿ. ಅಕಿ, 'ಮುಂಜಾನಿಂದ ಬಾಯಿ ಹಚ್ಚಿಲ್ಲವ್ವಾ' ಅಂದ್ಲು. ನೀ ನಿಂತ ಕಾಲ ಮ್ಯಾಲ ದವಾಖಾನಿಗಿ ಕಳಸಿದಿ. ಎರಡ ದಿನಾ ಇಟಗೊಂಡು ಕಳಸಿದ್ರಂತ, ಈಗ ಕೂಸು ಆಡಾಕತ್ತೈತಂತ. ಇದನ್ನ ಚಿಗವ್ವ ಫೋನಿನ್ಯಾಗ ನನಗ ಹೇಳಿದ್ಲು. 'ಆವಾಗ ಅಕಿ ಕೈ ನಡಗಿತೇನು?' ಅಂತ ಕೇಳಿದೆ. 'ಇಲ್ಲಣ್ಣಾ, ನಾ ನೋಡಿದೆ, ನಡಗಲಿಲ್ಲ' ಅಂದ್ಲು. ಅಂದ್ರ ಉತ್ತರಾ ಕೊಡವರು ಎದುರಿಗಿದ್ರ ನಿನ್ನ ಕೈ ನಡಗೂದಿಲ್ಲ. ಇದನ್ನ ತಿಳ್ಕೊಳ್ಳಾಕ ನಿಮಗ ಮೂರು ವರ್ಷ ಸಾಲಿ ಬೇಕು, ನನಗ ಒಂದು ಫೋನು ಸಾಕಾತು.

ಟ್ರಂಕು ನಾ ತಂದಿಲ್ಲ. ಅಲ್ಲೇ ನಿನ್ನ ಕಾಟಿನ ಕೆಳಗ ತಳ್ಳಿ ಬಂದೇನಿ. ನಜಮಾ ಹಾಸಿಗಿ ಸುತ್ತಿ ಕಟ್ಟಿದ್ಲು, ಅದನ್ನೂ ಬಿಚ್ಚಿ ಹಾಸಿ ಬಂದೇನಿ. ನಿನಗ ಬೇಕಾದ್ರ ನೀನ ಹೋಗಿ ತಗೊಂಡು ಬಾ. ಮತ್ತ ಆ ಟೇಬಲ್ ಮುಂದ ನಿಂತಾಗ ಗಟ್ಟಿ ದನೀಲೆ ಕೇಳು. ಮೇಡಮ್ಮ ತಲಿ ಎತ್ತೂತನಕ ಕೇಳು. ಅಕಿ ಉತ್ತರಾ ಕೊಡಲಿಲ್ಲಂದ್ರ, 'ಮೇಡಮ್ಮರ, ಮಾಮಾ ಯಾಕೋ ಮಾತಾಡವಲ್ಲ, ನೀವಾರ ಹೇಳ್ರಿ' ಅನ್ನು. ನಗವರು ನಗಲಿ. ನಿನ್ನ ನೋಡಿ ನಾ ಎಷ್ಟು ನಕ್ಕೇನಿ, ನೀ ಸತ್ತೀಯೇನು?

ಚಿಗವ್ವಗ, ಅವರ ಮನಿ ಮಂದಿಗೆಲ್ಲ ನಾ ಕೇಳಿದೆ ಅಂತ ಹೇಳು. ಆ ಕೂಸಿನ ಗಲ್ಲಾ ಹಿಂಡಿ ಒಂದು ಮುದ್ದು ಕೊಡು. ನಿಮ್ಮ ಅತ್ತಿ ನಿನಗ ಉಂಡಿ ಕಟ್ಟಿಟ್ಟಾಳ. ಕಳಸೂದಿಲ್ಲ, ಬಂದ್ರ ಸಿಗತಾವ. ನೂರು ವರ್ಷ ಬಾಳು, ಅದರಾಗ ಒಂದು ವರ್ಷಾನೂ ಹಿಂಗ ಹಾಳ ಮಾಡಕೋಬ್ಯಾಡ.

ಇಂತಿ ನಿನ್ನ ಜೀವಂತ ಮಾಮಾ,
ಪರಮಾನಂದ

ತಾ.ಕ.: ಬಸ್‌ಸ್ಟ್ಯಾಂಡಿನ್ಯಾಗ ನಿಂತು ಬರ್ಯಾಕತ್ತೇನಿ, ಖಲೀಲ ಸೀಟಿ ಊದಾಕತ್ತಾನ. ಮ್ಯಾಲ ಸಣ್ಣ ಗಾಯ ಅಂತ ಬರದದ್ದು ಅಷ್ಟು ಸಣ್ಣದಲ್ಲ. ಶನಿವಾರ ನಿಮ್ಮ ಸಾಲಿಂದ ಹಂಗ ದವಾಖಾನಿಗಿ ಹೋಗಿ ಬೆರಳ ತೋರಿಸಿದೆ. ನನಗೂ ಸಕ್ಕರಿ ಬ್ಯಾನಿ ಐತಂತ, ಅದಕ್ಕ ಗಾಯ ಮಾಯವಲ್ದಂತ. ದಿನಾ ಹೊಟ್ಟಿಗಿ ಸೂಜಿ ಚುಚ್ಚಬೇಕು, ಜಲ್ದಿ ಶುರು ಮಾಡಲಿಲ್ಲಂದ್ರ ಹೆಬ್ಬೆರಳ ತಗೀಬೇಕು ಅಂದಾರ. ಅಲ್ಲಿ ನರ್ಸು ಏನೂ ಕೇಳದ ಸೂಜಿ ಹಿಡಕೊಂಡು ಬಂದ್ಲು, ನಾ ಚಪ್ಪಲ ಕೈಯಾಗ ಹಿಡಕೊಂಡು ಹಿಂದಿನ ಬಾಗಲದಿಂದ ಬಂದೆ. ನಿನ್ನೆ ಕಂಪೌಂಡರ್ ಮನಿಗಿ ಬಂದಿದ್ದ, ನಾ ಮಾಳಿಗಿ ಹತ್ತಿ ಕೂತೆ. ನಿಮ್ಮ ಅತ್ತಿ ಹೇಳೂ ಮೊದಲ ನಾನ ಹೇಳೇನಿ, ನಗಬ್ಯಾಡ. ಅಂವ ಕೊಟ್ಟು ಹೋದ ಔಷಧ ಫ್ರಿಜ್ಜಿನ್ಯಾಗ ಉಪ್ಪಿನಕಾಯಿ ಬಾಜೂಕ ಐತಿ. ನಾಳೆ ಮುಂಜಾನೆ ಇದ ಖಲೀಲನ ಬಸ್ಸಿಗಿ ಬಾ. ಕೈ ನಡಗಿದ್ರ ನಡಗಲಿ, ನನ್ನ ಹೊಟ್ಟಿನೂ ನಡಗತಿರತೈತಿ. ಆದ್ರ ಚುಚ್ಚೂ ಮೊದಲ 'ಮಾಮಾ, ಊಟ ಆತೇನ್ರಿ' ಅಂತ ಕೇಳು. ನಾ ಉತ್ತರಾ ಕೊಡತೇನಿ.